ರೇಷ್ಮೆಹುಳುವಿಗೆ ಕಹಿ ಎಷ್ಟು ತಿಳಿಯುತ್ತದೆ? ಎಲೆಬಿಲ್ಲೆ ಇಟ್ಟು ನೋಡುವ ಬಗೆ

ರೇಷ್ಮೆಹುಳು ಹಿಪ್ಪುನೇರಳೆಯಲ್ಲದೆ ಬೇರೆ ಸೊಪ್ಪಿಗೆ ಬಾಯಿ ಹಾಕುವುದಿಲ್ಲವೆಂಬುದು ಶಿಡ್ಲಘಟ್ಟ, ರಾಮನಗರದ ಕಡೆ ಮಕ್ಕಳಿಗೂ ಗೊತ್ತು. ಈ ಹಟದ ಹಿಂದೆ ಇಷ್ಟದಷ್ಟೇ ಕಹಿಯ ಮೇಲಿನ ಅಸಹನೆಯೂ ಇದೆ. ಅದನ್ನು ಅಳೆಯಲು ಒಂದು ಮಧ್ಯಾಹ್ನ ಸಾಕು.

ಮೂರನೇ ಜ್ವರದಿಂದ (ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತಕ್ಕೆ ಜ್ವರವೆನ್ನುತ್ತಾರೆ) ಎದ್ದು ಒಂದು ದಿನ ಕಳೆದ, ಒಂದೇ ಗಾತ್ರದ ಹತ್ತು ಹುಳುಗಳನ್ನು ಆರಿಸಿಕೊಳ್ಳಿ. ಜ್ವರಕ್ಕೆ ಕೂತ ಹುಳು ಏನನ್ನೂ ತಿನ್ನದು. ಎರಡು ಗಂಟೆ ಸೊಪ್ಪು ಹಾಕಬೇಡಿ. ಅದಕ್ಕಿಂತ ಹೆಚ್ಚು ಹಸಿದರೆ ಒಲ್ಲದ ಎಲೆಯನ್ನೂ ಕಚ್ಚಿ ನಿಮ್ಮ ಲೆಕ್ಕ ಕೆಡಿಸುತ್ತದೆ.

ಎಳೆಯ ಎಲೆಗೂ ಬಲಿತ ಎಲೆಗೂ ರುಚಿ ಬೇರೆಯಾದ್ದರಿಂದ, ಒಂದೇ ಎಲೆಯ ನಡುನರದ ಎರಡೂ ಬದಿಯಿಂದ ಬಾಟಲಿ ಮುಚ್ಚಳದಷ್ಟು ಅಗಲದ ಬಿಲ್ಲೆಗಳನ್ನು ಕತ್ತರಿಸಿ, ಅರ್ಧದಷ್ಟನ್ನು ಸೋಸಿದ ಬೇವಿನ ಎಲೆಯ ರಸದಲ್ಲಿಯೂ ಉಳಿದವನ್ನು ಬರಿಯ ನೀರಿನಲ್ಲಿಯೂ ಅದ್ದಿ ನೆರಳಿನಲ್ಲಿ ಆರಿಸಿ. ಡಬ್ಬಿಯೊಂದಕ್ಕೆ ಒದ್ದೆ ಕಾಗದ ಹಾಸಿ, ಎರಡೆರಡು ಬಿಲ್ಲೆಗಳನ್ನು ಅದಲುಬದಲಾಗಿಟ್ಟು, ನಡುವೆ ಒಂದೇ ಹುಳು ಬಿಡಿ. ಬೇವು ಮುಟ್ಟಿದ ಕೈಯನ್ನು ಸಾಕಣೆಯ ತಟ್ಟೆಗೆ ತಾಗಿಸಬೇಡಿ, ಪರೀಕ್ಷೆಗೆ ಬಳಸಿದ ಹುಳುವನ್ನು ಅಲ್ಲಿಗೆ ಮರಳಿಸಲೂ ಬೇಡಿ.

ಇನ್ನು ಭೂತಗನ್ನಡಿ ಹಿಡಿದು ಬಾಯಿಯನ್ನೇ ನೋಡಿ. ಹುಳು ತಲೆಯಾಡಿಸುತ್ತ ಎಲೆಯ ಅಂಚನ್ನು ತಡವಿ, ಒಮ್ಮೆ ಕಚ್ಚಿ, ಒಂದು ಕ್ಷಣ ನಿಲ್ಲುತ್ತದೆ. ಬಾಯಿಯ ಕೆಳಗೆ ಪ್ರತಿ ಬದಿಗೂ ಎರಡೆರಡು ಅತಿ ಸಣ್ಣ ರುಚಿಮೊಳೆಗಳಿದ್ದು (ಭೂತಗನ್ನಡಿಗೂ ಇವು ಕಾಣುವುದು ಕಷ್ಟ), ಹೊರಬದಿಯದು ಸಕ್ಕರೆಯನ್ನೂ ಒಳಬದಿಯದು ಕಹಿಯನ್ನೂ ಗುರುತಿಸುತ್ತದೆ. ಸಿಹಿಯ ಸಂಕೇತ ಗೆದ್ದರೆ ಕಮಾನಿನಂತೆ ಎಲೆ ಕೊರೆಯುತ್ತ ಸಾಗುತ್ತದೆ, ಕಹಿ ಗೆದ್ದರೆ ತಲೆ ತಿರುಗಿಸುತ್ತದೆ. 2019ರಲ್ಲಿ ಚೀನಾದ ವಿಜ್ಞಾನಿಗಳು ಕಹಿಗೆ ಸಂಬಂಧಿಸಿದ ಜಿಆರ್66 ಎಂಬ ಒಂದೇ ವಂಶವಾಹಿಯನ್ನು ಕೆಡಿಸಿದಾಗ, ಆ ಹುಳುಗಳು ಹಣ್ಣು, ಕಾಳುಗಳನ್ನೂ ತಿಂದವು!

ನೀರಿನ ಬಿಲ್ಲೆಗಳು ಅರ್ಧ ಖಾಲಿಯಾದಾಗ ಹುಳುವನ್ನು ತೆಗೆದು, ಉಳಿದ ತುಂಡುಗಳನ್ನು ಗ್ರಾಫ್ ಕಾಗದದ ಮೇಲಿಟ್ಟು ಮಾಯವಾದ ಚೌಕಗಳನ್ನು ಎಣಿಸಿ. ನಿಜವಾದ ಸ್ವಾರಸ್ಯ ಇದರ ನಂತರವಿದೆ. ರಸಕ್ಕೆ ಹತ್ತು ಪಾಲು, ಆಮೇಲೆ ನೂರು ಪಾಲು ನೀರು ಬೆರೆಸುತ್ತ ಪರೀಕ್ಷೆಯನ್ನು ಮತ್ತೆ ನಡೆಸಿದರೆ, ಯಾವ ಹಂತದಲ್ಲಿ ಎರಡೂ ಬಗೆಯ ಬಿಲ್ಲೆಗಳು ಸರಿಸಮನಾಗಿ ಖಾಲಿಯಾಗುತ್ತವೆಯೋ ಅಲ್ಲಿಗೆ ಕಹಿಯ ಅರಿವಿನ ಗಡಿ ಸಿಕ್ಕಂತೆ. ಕಹಿಗೆ ಪದೇ ಪದೇ ಒಡ್ಡಿದ ಹುಳು ಅದಕ್ಕೆ ಒಗ್ಗಿಕೊಳ್ಳಬಹುದಾದ್ದರಿಂದ ಪ್ರತಿ ಸಲವೂ ಹೊಸ ಹುಳುಗಳನ್ನೇ ಬಳಸಿ.