ಮೊದಲು ಕೆಲಸ, ಆಮೇಲೆ ಹೆಸರು: ನಮ್ಮ ಸಭೆಯಲ್ಲಿ ಸದಸ್ಯರು ಹೆಚ್ಚಿದ ಬಗೆ

ನಮ್ಮದು ಬೆಂಗಳೂರಿನ ಕಾರ್ಖಾನೆ ಪ್ರದೇಶ ಪೀಣ್ಯದ ಹತ್ತಿರದ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕನ್ನಡ ಸಭೆ, ಅಂದರೆ ಚರ್ಚು. ಕೆಲವು ವರ್ಷದ ಹಿಂದೆ ಭಾನುವಾರ ಬೆಂಚು ತುಂಬುತ್ತಿತ್ತು, ಆದರೆ ಕೂತವರಲ್ಲಿ ಅರ್ಧಕ್ಕರ್ಧ ಜನರ ಹೆಸರು ರಿಜಿಸ್ಟರಿನಲ್ಲಿ ಇರಲಿಲ್ಲ. ಸದಸ್ಯ ಕುಟುಂಬಗಳು 90ರ ಆಸುಪಾಸು. ಚಂದಾ ವರ್ಷಕ್ಕೆ 1 ಲಕ್ಷ 20 ಸಾವಿರ ಮುಟ್ಟಿದರೆ ದೊಡ್ಡದು. ಈಗ ಕುಟುಂಬಗಳು 150ರ ಹತ್ತಿರ ಬಂದಿವೆ, ಚಂದಾ 2 ಲಕ್ಷ 20 ಸಾವಿರ ದಾಟಿದೆ. "ಇದು ಆಗೋ ಮಾತಲ್ಲ ಕಣಯ್ಯ" ಅಂದಿದ್ದ ಹಿರಿಯರೇ ಈಗ ಬೇರೆ ಸಭೆಗಳ ಸೆಕ್ರೆಟರಿಗಳಿಗೆ ನನ್ನ ನಂಬರು ಕೊಡುತ್ತಿದ್ದಾರೆ. ಸಂತೋಷವೇ. ಅವರಿಗೆಲ್ಲ ಒಟ್ಟಿಗೆ ಹೇಳಿದ ಹಾಗೆ ಆಗಲಿ ಅಂತ ಬರೆಯುತ್ತಿದ್ದೇನೆ. ಪಾಸ್ಟರೇಟ್ ಕಮಿಟಿ (ಸಭೆಯ ಆಡಳಿತ ನೋಡುವ ಸಮಿತಿ), ಅದರ ಚುನಾವಣೆಯ ಮತದಾರರ ಪಟ್ಟಿ, ವರ್ಗಾವಣೆ ಪತ್ರ (ಸದಸ್ಯರ ಹೆಸರನ್ನು ಹೊಸ ಸಭೆಗೆ ಬಿಟ್ಟುಕೊಟ್ಟು ಹಳೆಯ ಸಭೆ ಕೊಡುವ ಪತ್ರ) ಇವೆಲ್ಲ ನಿಮಗೆ ಗೊತ್ತಿರುವುದೇ, ಅಲ್ವಾ? ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ಕಮಿಟಿ ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ವಾರವಾರ ಪ್ರಕಟಣೆ: "ಸದಸ್ಯರಾಗದವರು ದಯವಿಟ್ಟು ಆಫೀಸಿನಲ್ಲಿ ಫಾರಂ ತೆಗೆದುಕೊಳ್ಳಿ." ಯಾರೂ ತೆಗೆದುಕೊಳ್ಳಲಿಲ್ಲ. ಆಮೇಲೆ ಸದಸ್ಯತ್ವದ ಲಾಭಗಳನ್ನು ಬರೆದು ಕರಪತ್ರ ಮಾಡಿಸಿದರು. ಮದುವೆಗೆ ಮೂರು ಭಾನುವಾರ ಪ್ರಕಟಣೆ ಓದಿಸಬಹುದು, ಮಕ್ಕಳ ಶಾಲೆ-ಕಾಲೇಜು ಸೀಟಿಗೆ ಅಯ್ಯನವರ (ಪಾಸ್ಟರ್) ಲೆಟರ್ ಸಿಗುತ್ತದೆ, ಸಮಾಧಿಗೆ ಜಾಗ ಇದೆ, ವೋಟು ಹಾಕಬಹುದು. ಪ್ರಿಂಟಿಗೆ ಸುಮಾರು 4 ಸಾವಿರ ಹೋಯಿತು. ಆರಾಧನೆ ಮುಗಿದ ಮೇಲೆ ಅರ್ಧ ಕರಪತ್ರ ಬೆಂಚಿನ ಮೇಲೇ ಉಳಿದಿತ್ತು. ನಂತರ ಹೊಸಬರಿಗೆ ಅಂತ ಒಂದು ಊಟ. ಬಿರಿಯಾನಿ, ಶಾಮಿಯಾನ ಎಲ್ಲ ಸೇರಿ 22 ಸಾವಿರದಷ್ಟು ಆಯಿತು. ಜನ ಬಂದರು, ಚೆನ್ನಾಗಿ ಉಂಡರು, ಫಾರಂ ತುಂಬಿದ್ದು ಎರಡೇ ಕುಟುಂಬ. ಚಂದಾ ಜಾಸ್ತಿ ಆಯ್ತೇನೋ ಅಂತ ತಿಂಗಳಿಗೆ 150 ಇದ್ದದ್ದನ್ನು ಹೊಸಬರಿಗೆ 50ಕ್ಕೆ ಇಳಿಸಿದರು. ಅದಕ್ಕೂ ಯಾರೂ ಬರಲಿಲ್ಲ, ಹಳೆಯ ಸದಸ್ಯರಿಗೆ ಮಾತ್ರ ಬೇಜಾರಾಯಿತು. ಚಂದಾ ಇಳಿಸಬೇಡಿ. ಓವರ್‌ಟೈಂ ಮಾಡಿ ದುಡಿಯುವವರು ತಮ್ಮದೂ ಒಂದು ಪೂರ್ತಿ ಚಂದಾ ಕವರು ಇರಲಿ ಅಂತಲೇ ಬಯಸುತ್ತಾರೆ. ಇದನ್ನು ನಾನು ಮನೆ ಮನೆಯಲ್ಲಿ ಕಂಡಿದ್ದೇನೆ.

ನಾನು ಈ ಕೆಲಸಕ್ಕೆ ಇಳಿಯಲು ಕಾರಣ ಒಬ್ಬ ಪವರ್ ಪ್ರೆಸ್ (ತಗಡು ಒತ್ತುವ ಮಿಷನ್) ಆಪರೇಟರ್. ಗದಗ ಕಡೆಯವರು. ಮೂರ್ನಾಲ್ಕು ವರ್ಷ ತಪ್ಪದೆ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಒಂದು ಸಲ ಎರಡು ತಿಂಗಳು ಕಾಣಲಿಲ್ಲ. ಯಾರ ಗಮನಕ್ಕೂ ಬರಲಿಲ್ಲ. ಅವರ ಬಲಗೈಯ ಎರಡು ಬೆರಳು ಮಿಷನ್ನಿಗೆ ಸಿಕ್ಕಿ ಹೋಗಿದ್ದವು. ಹೆಂಡತಿ ಒಬ್ಬರೇ ಆಸ್ಪತ್ರೆ, ಮನೆ, ಮಗುವಿನ ಸ್ಕೂಲು ಅಂತ ಓಡಾಡಿದ್ದರು. ನಮ್ಮ ಹತ್ತಿರ ಅವರ ವಿಳಾಸವೂ ಇರಲಿಲ್ಲ, ಫೋನೂ ಇರಲಿಲ್ಲ. ಅದೇ ತಿಂಗಳಲ್ಲಿ ಸದಸ್ಯರೊಬ್ಬರಿಗೆ ಡೆಂಗಿ ಬಂದಾಗ ಸ್ತ್ರೀಯರ ಸಂಘದಿಂದ ಪಾಳಿ ಹಾಕಿಕೊಂಡು ಗಂಜಿ ಕೊಂಡೊಯ್ದಿದ್ದರು. ಇಬ್ಬರೂ ಒಂದೇ ಛಾವಣಿ ಕೆಳಗೆ ಹಾಡಿದವರು. ಬೈಬಲಿನ ಲೂಕ 15ರ ಕುರುಬನಿಗೆ ಒಂದು ಕುರಿ ಕಾಣೆಯಾಗಿದ್ದು ಗೊತ್ತಾಗಿದ್ದು ನೂರು ಇವೆ ಅನ್ನೋ ಲೆಕ್ಕ ಇದ್ದದ್ದಕ್ಕೆ. ರಿಜಿಸ್ಟರಿನಲ್ಲಿ ಹೆಸರು ಇದ್ದವರನ್ನು ವಿಚಾರಿಸುವುದು ನಮ್ಮ ಜವಾಬ್ದಾರಿ. ಹೆಸರು ಇಲ್ಲದವರನ್ನು ವಿಚಾರಿಸುವುದು ಯಾರಿಗಾದರೂ ನೆನಪಾದರೆ ಮಾತ್ರ. ಸದಸ್ಯತ್ವದ ಬೆಲೆ ಕೇಳಿದರೆ ನಾನು ಸಮಾಧಿ ಜಾಗದ ಮಾತು ಎತ್ತುವುದಿಲ್ಲ, ಇದನ್ನೇ ಹೇಳುತ್ತೇನೆ.

ಹಾಗಾದರೆ ಜನ ಯಾಕೆ ಸೇರುವುದಿಲ್ಲ? ಫಾರಂ ಹಿಡಿದುಕೊಂಡು ಹೋಗದೆ, ಸುಮ್ನೆ ಮಾತಾಡಿಸಲು ಮನೆಗಳಿಗೆ ಹೋದೆ. ದಾಸರಹಳ್ಳಿ, ಚೊಕ್ಕಸಂದ್ರ, ಲಗ್ಗೆರೆ ಕಡೆ ಬಾಡಿಗೆ ಮನೆಗಳು. ಹೆಚ್ಚಿನವರು ಹುಬ್ಬಳ್ಳಿ, ಧಾರವಾಡ, ಗದಗ-ಬೆಟಗೇರಿ ಕಡೆಯವರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡ ಮುಟ್ಟಿದರಲ್ಲ, ಆ ಕಾಲದಿಂದ ಬೆಳೆದ ಸಭೆಗಳ ಮಕ್ಕಳು ಇವರು. ಐದಾರು ತಲೆಮಾರಿನಿಂದ ಒಂದೇ ಸಭೆ. "ಅಪ್ಪ-ಅವ್ವನ ಸಮಾಧಿ ಅಲ್ಲೇ ಐತ್ರೀ ಅಣ್ಣಾರ, ಹೆಸರು ಹೆಂಗ ಕಿತ್ತು ತರೂದು?" ಅಂದರು ಒಬ್ಬ ತಾಯಿ. ಕರಪತ್ರಕ್ಕೆ ಇದರ ಉತ್ತರ ಗೊತ್ತಿರಲಿಲ್ಲ. ಇನ್ನೊಂದು ಕಾರಣ ಶಿಫ್ಟು. ಭಾನುವಾರ ಬೆಳಿಗ್ಗೆ ನೈಟ್ ಶಿಫ್ಟ್ ಮುಗಿಸಿ ನೇರ ಆರಾಧನೆಗೆ ಬಂದವನಿಗೆ ಮೀಟಿಂಗಿಗೆ ಕೂರುವ ತ್ರಾಣ ಎಲ್ಲಿರುತ್ತದೆ?

ಅದಕ್ಕೆ ಕ್ರಮವನ್ನೇ ತಿರುಗಿಸಿದೆ. ನಮ್ಮಲ್ಲಿ ಮೊದಲು ಸದಸ್ಯ, ಆಮೇಲೆ ಕೆಲಸ. ನಾನು ಮೊದಲು ಕೆಲಸ ಕೊಟ್ಟೆ. ಗಂಟೆ ಹೊಡೆಯುವುದು, ಮೈಕು ಹಚ್ಚುವುದು, ಚಾಪೆ ಹಾಸುವುದು, ಬಾಗಿಲಲ್ಲಿ ಹಾಡಿನ ಪುಸ್ತಕ ಕೊಡುವುದು, ಕಾಫಿ ಪಾತ್ರೆ ಇಳಿಸುವುದು. ಮೂರು ತಿಂಗಳು ಒಬ್ಬರಿಗೆ ಒಂದೇ ಕೆಲಸ. ಗುಂಪಿಗೆ ಕೊಡಬಾರದು, ಗುಂಪಿಗೆ ಕೊಟ್ಟರೆ ಯಾರೂ ಬರುವುದಿಲ್ಲ. ಆ ಪ್ರೆಸ್ ಆಪರೇಟರಿಗೆ ಗಂಟೆಯ ಹಗ್ಗ ಕೊಟ್ಟೆವು. ಉಳಿದ ಮೂರು ಬೆರಳು ಮತ್ತು ಎಡಗೈ ಸೇರಿಸಿ ಹಗ್ಗ ಜಗ್ಗಿ, ಒಂದೊಂದು ಪೆಟ್ಟಿನ ನಡುವೆ ಬಾಯಲ್ಲೇ ಎಣಿಸಿಕೊಂಡು ಹೊಡೆಯುತ್ತಾರೆ. ಅವರಷ್ಟು ಸಮ ಅಂತರದಲ್ಲಿ ನಮ್ಮ ಗಂಟೆಯನ್ನು ಯಾರೂ ಹೊಡೆದಿಲ್ಲ. ಅವರು ಬರದ ದಿನ ಗಂಟೆಯ ಶಬ್ದದಲ್ಲೇ ಗೊತ್ತಾಗುತ್ತದೆ, ಮಧ್ಯಾಹ್ನದೊಳಗೆ ಯಾರಾದರೂ ಫೋನ್ ಮಾಡಿರುತ್ತಾರೆ.

ಕಮಿಟಿಯಲ್ಲಿ ಜಗಳವೇ ಆಯಿತು. "ಸದಸ್ಯರಲ್ಲದವರ ಕೈಗೆ ಕೀ ಕೊಡ್ತೀಯಾ?" ಅಂದರು. ಕಾಣಿಕೆ ಎಣಿಸುವುದು, ಪ್ರಭು ಭೋಜನದ ರೊಟ್ಟಿ-ದ್ರಾಕ್ಷಾರಸ ಇಡುವ ಸಂಸ್ಕಾರದ ಮೇಜಿನ ಕೆಲಸ ಇವೆರಡನ್ನು ಮುಟ್ಟಿಲ್ಲ ಅಂತ ಲಿಖಿತವಾಗಿ ಕೊಟ್ಟೆ. ಹೊಸಬರು ಸೇರಿದರೆ ಚುನಾವಣೆಯಲ್ಲಿ ವೋಟಿನ ಲೆಕ್ಕ ಬದಲಾಗುತ್ತದೆ ಅನ್ನುವ ಭಯವೂ ಕೆಲವರಿಗಿತ್ತು. ಆ ಭಯಕ್ಕೆ ನಾನು ಸೊಪ್ಪು ಹಾಕಲಿಲ್ಲ. ಅಯ್ಯನವರು ಮಾತ್ರ ನನ್ನ ಬೆನ್ನಿಗೆ ನಿಂತರು. ಅದಿಲ್ಲದಿದ್ದರೆ ಇದು ಮೊದಲ ಮೀಟಿಂಗಿನಲ್ಲೇ ಮುಗಿಯುತ್ತಿತ್ತು.

ಮೂರು ತಿಂಗಳಾದ ಮೇಲೆ ಆರಾಧನೆ ಮುಗಿಸಿ ನಾಲ್ಕು ಭಾನುವಾರ ಅಯ್ಯನವರ ಕ್ಲಾಸು, ಮುಕ್ಕಾಲು ಗಂಟೆ, ಉಪ್ಪಿಟ್ಟು ಕಾಫಿ ಸಹಿತ. ತಲೆಗೆ 30 ರೂಪಾಯಿ ಬೀಳುತ್ತದೆ. ಬಿರಿಯಾನಿಗಿಂತ ಉಪ್ಪಿಟ್ಟು ಹೆಚ್ಚು ಜನರನ್ನು ಸೇರಿಸಿತು ಅಂತ ಖಜಾಂಚಿಗೆ ಲೆಕ್ಕ ತೋರಿಸಿದ್ದೇನೆ.

ಇನ್ನು ವರ್ಗಾವಣೆ ಪತ್ರ. ಊರಿನ ಸಭೆಗೆ ಬರೆದರೆ ಉತ್ತರವೇ ಬರುವುದಿಲ್ಲ ಅಂತ ಎಲ್ಲರ ದೂರು. ಊರಿನ ಸಭೆಯವರಿಗೂ ನೋವಿದೆ. ಚಂದಾ ಹೋಗುತ್ತದೆ, ಮನೆತನದ ಹೆಸರು ಹೋಗುತ್ತದೆ. ಬೇರೆಯವರ ಮಂದೆಯಿಂದ ಕುರಿ ಎಳೆಯುತ್ತಿದ್ದೇವೆ ಅನ್ನೋ ಮಾತು ಬರಬಾರದು. ಆದ್ದರಿಂದ ಪತ್ರ ಹಾಕದೆ, ನಾಲ್ಕೈದು ಕುಟುಂಬದವರ ಜೊತೆ ನಾವೇ ಹೋದೆವು. ಯಶವಂತಪುರದಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಹುಬ್ಬಳ್ಳಿ, ಅಲ್ಲಿಂದ ಬಸ್ಸು. ಅಲ್ಲಿಯ ಸುಗ್ಗಿ ಹಬ್ಬದ ದಿನವೇ ಆರಿಸಿಕೊಂಡೆವು. ಕಾಣಿಕೆಯಾಗಿ ಬಂದ ಬೆಳೆಯ ಹರಾಜಿನಲ್ಲಿ ನಮ್ಮವರು ಒಂದು ಕುಂಬಳಕಾಯಿಗೆ 1500ರವರೆಗೂ ಕೂಗಿ ತೆಗೆದುಕೊಂಡರು. ಒಟ್ಟು ಖರ್ಚು 9-10 ಸಾವಿರ ಆಗಿರಬೇಕು, ಅರ್ಧ ನನ್ನ ಕೈಯಿಂದ. ಅಲ್ಲಿಯ ಹಿರಿಯರಿಗೆ ನಾನು ಏನು ಒಪ್ಪಿಕೊಂಡು ಬಂದೆ ಅನ್ನುವುದು ಎರಡು ಸಭೆಗಳ ನಡುವಿನ ಮಾತು, ಇಲ್ಲಿ ಬರೆಯುವುದಿಲ್ಲ. ಆದರೆ ಅಲ್ಲಿಯ ಅಯ್ಯನವರು ಪತ್ರಗಳನ್ನು ಮಡಚಿ ಕವರಿಗೆ ಹಾಕದೆ, ಎಲ್ಲರ ಎದುರು ಪ್ರಾರ್ಥನೆ ಮಾಡಿ ಕೈಗೆ ಕೊಟ್ಟರು. ಆ ತಾಯಿ ಪತ್ರ ಹಿಡಿದುಕೊಂಡೇ ಸಮಾಧಿಗೆ ಹೋಗಿ ಬಂದರು. ಆಮೇಲಿನಿಂದ ಅಂಚೆಯಲ್ಲೂ ಪತ್ರ ಬರತೊಡಗಿದವು.

ಸೇರಿಸಿಕೊಳ್ಳುವುದು ತಿಂಗಳ ಮೊದಲ ಭಾನುವಾರ, ಪ್ರಭು ಭೋಜನಕ್ಕೆ ಮುಂಚೆ. ಇಡೀ ಸಭೆ ಎದ್ದು ನಿಲ್ಲುತ್ತದೆ. ಆಮೇಲೆ ಆಫೀಸಿನಲ್ಲಿ ಅಲ್ಲ, ಪುಲ್ಪಿಟ್ಟಿನ (ಪ್ರಸಂಗ ಪೀಠದ) ಪಕ್ಕದ ಮೇಜಿನ ಮೇಲೆ ರಿಜಿಸ್ಟರು ಇಟ್ಟು, ಕುಟುಂಬದವರೇ ತಮ್ಮ ಹೆಸರು ಬರೆಯುತ್ತಾರೆ.

ಈ ನಡುವೆ ಕೆಲವು ಪ್ರಯೋಗ ಮಾಡಿದೆವು. ಮಿಜೋರಾಂನ ಹೆಂಗಸರು 1910ರಿಂದ ಪ್ರತಿ ಅಡುಗೆಗೂ ಒಂದು ಹಿಡಿ ಅಕ್ಕಿ ಸಭೆಗೆ ಎತ್ತಿಡುತ್ತಾರೆ ಅಂತ ಕೇಳಿ, ನಮ್ಮ ಸ್ತ್ರೀಯರ ಸಂಘದವರೂ ಡಬ್ಬಿ ಹಂಚಿದರು. ಅಕ್ಕಿ ಬಂತು, ಆದರೆ ಸೋನಾ ಮಸೂರಿ, ರೇಷನ್ ಅಕ್ಕಿ, ಕುಚ್ಚಲಕ್ಕಿ ಎಲ್ಲ ಕಲಬೆರಕೆ. ಅನ್ನಕ್ಕೆ ಯಾರೂ ಕೊಳ್ಳಲಿಲ್ಲ. ಕುಚ್ಚಲಕ್ಕಿ ಬೇರೆ ಮಾಡಿ, ಉಳಿದದ್ದನ್ನು ದೋಸೆ ಅಕ್ಕಿ ಅಂತ ಮಾರಿದರು. ತಿಂಗಳಿಗೆ 2 ಸಾವಿರದವರೆಗೆ ಬರುತ್ತದೆ, ಕಾಯಿಲೆಯವರ ನಿಧಿಗೆ ಹೋಗುತ್ತದೆ. ಹಾಡಿನ ಪ್ರಯೋಗ ಇನ್ನೂ ಚೆನ್ನಾಗಿ ಆಯಿತು. ಒಂದೇ ಕೀರ್ತನೆಗೆ ಧಾರವಾಡ ಕಡೆ ಒಂದು ರಾಗ, ಮೈಸೂರು ಕಡೆ ಇನ್ನೊಂದು. ತಿಂಗಳಿಗೊಂದು ಭಾನುವಾರ ಧಾರವಾಡ ಕಡೆಯವರ ರಾಗದಲ್ಲಿ ಹಾಡಿದೆವು. ಅಲ್ಲಿಯವರೆಗೆ ತುಟಿ ಬಿಚ್ಚದವರು ಗಟ್ಟಿಯಾಗಿ ಹಾಡಿದರು. ವಾಟ್ಸಾಪ್ ಗುಂಪು ಮಾತ್ರ ಬೇಡ. ಗುಡ್ ಮಾರ್ನಿಂಗ್ ಹೂವುಗಳ ನಡುವೆ ಒಂದು ಸಾವಿನ ಸುದ್ದಿ ಮುಚ್ಚಿಹೋಗಿದ್ದನ್ನು ನೋಡಿದ್ದೇನೆ.

ಸೀಟಿನ ಲೆಟರಿಗೆ ಅಂತಲೇ ಬರುವವರ ಬಗ್ಗೆ ಕೇಳುತ್ತೀರಿ. ಬರಲಿ. ಅವರಿಗೂ ಮೂರು ತಿಂಗಳ ಕೆಲಸ ಕೊಡಿ. ನಮ್ಮಲ್ಲಿ ಹಾಗೆ ಬಂದವರಲ್ಲಿ ಅರ್ಧದಷ್ಟು ಉಳಿದರು, ಒಬ್ಬರು ಈಗ ಸಂಡೇ ಸ್ಕೂಲ್ ನಡೆಸುತ್ತಾರೆ. ಯಾರಿಗೆ ಯಾವ ಕೆಲಸ ಅಂತ ಹೇಗೆ ಆರಿಸುತ್ತೇನೆ ಅನ್ನುವುದನ್ನು ಮಾತ್ರ ಬರೆದು ಹೇಳಲು ಆಗುವುದಿಲ್ಲ. ಒಂದು ಭಾನುವಾರ ಬಂದು ನನ್ನ ಜೊತೆ ಬಾಗಿಲಲ್ಲಿ ನಿಂತುಕೊಳ್ಳಿ.

ಈಗ ನೈಟ್ ಶಿಫ್ಟಿನವರಿಗೆ ಶನಿವಾರ ಸಂಜೆ ಒಂದು ಆರಾಧನೆ ಬೇಕು ಅಂತ ಕಮಿಟಿಗೆ ಬರೆದಿದ್ದೇನೆ. ಕರೆಂಟು, ವಾಚ್‌ಮನ್, ಕಾಫಿ ಸೇರಿ ತಿಂಗಳಿಗೆ 3 ಸಾವಿರದ ಮೇಲೆ ಆಗದು. ಆಗೋ ಮಾತಲ್ಲ ಅಂತ ಈಗಲೂ ಇಬ್ಬರು ಹೇಳುತ್ತಿದ್ದಾರೆ. ಗಂಟೆ ಹೊಡೆಯಲು ಜನ ಆಗಲೇ ಸಿಕ್ಕಿದ್ದಾರೆ.