ಸ್ಪ್ರಿಂಗ್ ಏರ್‌ಗನ್ನಿಗೆ ಸ್ಕೋಪ್ ನಿಂತಿತು

ಶಿವರಾತ್ರಿ ಕಳೆದು ನಾಲ್ಕನೆಯ ದಿನ, ಮನೆಯ ಹಿಂದಿನ ಧರೆಗೆ ಒರಗಿಸಿಟ್ಟ ಅಡಿಕೆ ಹಾಳೆಯ ಮೇಲೆ ಐದು ತೂತು ಬಿದ್ದವು. ದೂರ 20 ಮೀಟರ್. ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟರೆ ಐದೂ ಮುಚ್ಚಿಹೋದವು. ಭಾವನನ್ನು ಕರೆದು ತೋರಿಸಿದೆ. "ಸ್ಪ್ರಿಂಗ್ ಕೋವಿಗೆ ದುರ್ಬೀನು ನಿಲ್ಲುವುದಿಲ್ಲ, ದುಡ್ಡು ಹಾಳು ಮಾಡಬೇಡ" ಎಂದು ಎರಡು ವರ್ಷ ಹೇಳಿದವರು ಅವರೇ. ನಾಣ್ಯ ಎತ್ತಿ ನೋಡಿದರು, ಮತ್ತೆ ಇಟ್ಟು ನೋಡಿದರು. ಮಾತಾಡಲಿಲ್ಲ.

ನನ್ನದು ನಳಿಗೆ ಮುರಿದು, ಎಂದರೆ ಬುಡದಲ್ಲಿ ಮಡಚಿ, ಒಂದೊಂದೇ ಪೆಲೆಟ್ (ಸಣ್ಣ ಸೀಸದ ಗುಂಡು) ತುಂಬುವ 0.177 ಇಂಚು ನಳಿಗೆಯ ಏರ್‌ಗನ್. ಪೆಲೆಟ್ ಹೊರಡುವ ಶಕ್ತಿ 20 ಜೂಲ್ ಮೀರದ್ದರಿಂದ 2016ರ ಶಸ್ತ್ರಾಸ್ತ್ರ ನಿಯಮಗಳಂತೆ ಲೈಸೆನ್ಸ್ ಬೇಡ. ಮನೆಯಲ್ಲಿ ಬೆಳೆ ರಕ್ಷಣೆಯ ತೋಟೆ ಕೋವಿಯೂ ಇದೆ. ಅದು ಚುನಾವಣೆ ಬಂದಾಗಲೆಲ್ಲ ಠಾಣೆ ಸೇರುತ್ತದೆ. ಬೇಟೆಯ ಮಾತು ನಮ್ಮಲ್ಲಿ ಅಜ್ಜನ ಕೇಪಿನ ಕೋವಿಯ ಕಾಲಕ್ಕೇ ಮುಗಿಯಿತು. 1972ರ ವನ್ಯಜೀವಿ ಕಾಯ್ದೆಯ ಕಾರಣ ಮಾತ್ರವಲ್ಲ, ನನಗೇ ಮನಸ್ಸಿಲ್ಲ. ಹಾಳೆ, ದಾರಕ್ಕೆ ತೂಗುಬಿಟ್ಟ ಗೋಟಡಿಕೆ, ಇವೇ ನನ್ನ ಗುರಿಗಳು. ಐವತ್ತು ದಾಟಿದ ಮೇಲೆ ನಳಿಗೆಯ ತುದಿಯೂ ಗುರಿಯೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದು ನಿಂತಿತು. ಸ್ಕೋಪ್ ಹುಡುಕಿದ್ದು ಅದಕ್ಕೆ.

ಮೊದಲನೆಯದು ಒಂಬೈನೂರು ರೂಪಾಯಿಯ 4x20, ಎಂದರೆ ನಾಲ್ಕು ಪಟ್ಟು ಹಿಗ್ಗಿಸುವ, 20 ಮಿಲಿಮೀಟರ್ ಗಾಜಿನದು. ಸಂಜೆ ನಾಲ್ಕಕ್ಕೇ ತೋಟದ ನೆರಳಲ್ಲಿ ಕತ್ತಲೆ ತೋರಿಸುತ್ತಿತ್ತು, ಅದರ ಕಥೆ ಬೇಡ. ಎರಡನೆಯದು 3-9x40, ಸುಮಾರು ಮೂರೂವರೆ ಸಾವಿರ. ಕಣ್ಣಿಗೆ ಹಬ್ಬ. ಇನ್ನೂರು ಈಡು ಆಗಿರಬಹುದು, ಗುರಿಗೆರೆ ವಾಲಿತು. ಅಲುಗಾಡಿಸಿದರೆ ಒಳಗೆ ಗಾಜು ಕಟಕಟ. ಮಾರಿದವರು ಹಿಂದಕ್ಕೆ ಪಡೆಯಲಿಲ್ಲ. ತಪ್ಪು ನನ್ನದೂ ಇತ್ತು. ತೋಟೆ ಕೋವಿ ಹಿಂದಕ್ಕೆ ಮಾತ್ರ ಒದೆಯುತ್ತದೆ. ಸ್ಪ್ರಿಂಗ್ ಕೋವಿ ಮೊದಲು ಹಿಂದಕ್ಕೆ ಸರಿದು, ಪಿಸ್ಟನ್ ಮುಂದೆ ಹೋಗಿ ಬಡಿಯುತ್ತಿದ್ದಂತೆ ಮುಂದಕ್ಕೆ ಜಗ್ಗುತ್ತದೆ. ಆ ಎರಡನೆಯ ಪೆಟ್ಟು ತಡೆಯಲು ಮಾಡಿದ ಸ್ಕೋಪೇ ಬೇರೆ, ಅದನ್ನು ಕೇಳಿ ಕೊಳ್ಳಬೇಕು.

ಮೂರನೆಯದಕ್ಕೆ ಒಂಬತ್ತೂವರೆ ಸಾವಿರ ಕೊಟ್ಟೆ. ಕೋವಿಯ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ. ಮನೆಯಾಕೆ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಆದರೆ ಇದರಲ್ಲಿ ಮುಂದಿನ ಗಾಜಿನ ಬಳೆ ತಿರುಗಿಸಿ ದೂರ ಹೊಂದಿಸಬಹುದು. ಹಿಂದಿನದು ನೂರು ಗಜಕ್ಕೆ ಹೊಂದಿಸಿ ಮುಚ್ಚಿದ್ದು. ಕೋವಿಯನ್ನು ಮರಳು ಚೀಲದ ಮೇಲಿಟ್ಟು, ಮುಟ್ಟದೆ, ಕಣ್ಣನ್ನು ಮಾತ್ರ ಅತ್ತಿತ್ತ ಸರಿಸಿ ನೋಡಿ: ಗುರಿಗೆರೆ ಗೋಟಿನ ಮೇಲಿಂದ ಜಾರಿ ದಾರ ದಾಟುತ್ತಿದ್ದರೆ ಅಂಥ ಸ್ಕೋಪು 20 ಮೀಟರಿಗೆ ಕೆಲಸಕ್ಕಿಲ್ಲ. ಒಂಬತ್ತು ಪಟ್ಟು ಹಿಗ್ಗಿಸಿದರೆ ನನ್ನ ಎದೆಬಡಿತವೇ ಕಾಣುತ್ತದೆ, ಆರಕ್ಕೆ ನಿಲ್ಲಿಸಿದ್ದೇನೆ.

ಆಮೇಲೆ ಮೌಂಟ್, ಎಂದರೆ ಸ್ಕೋಪನ್ನು ಉಂಗುರಗಳಲ್ಲಿ ಹಿಡಿದು ಕೋವಿಯ ಬೆನ್ನಿನ ರೈಲಿಗೆ ಕಚ್ಚಿಸುವ ಹಿಡಿಕೆ, ಕಾಡಿತು. ಎರಡು ತುಂಡಿನ ಮೌಂಟ್ ಹತ್ತು ಈಡಿಗೊಮ್ಮೆ ಹಿಂದಕ್ಕೆ ತೆವಳುತ್ತಿತ್ತು, ರೈಲಿನ ಮೇಲೆ ಗೀರು ಬಿದ್ದದ್ದು ಈಗಲೂ ಇದೆ. ಕೊನೆಗೆ ಒಂದೇ ತುಂಡಿನದು, ರೈಲಿನ ತೂತಿಗೆ ಮೊಳೆ ಇಳಿಯುವಂಥದ್ದು, ಸಾವಿರದ ನಾನೂರಕ್ಕೆ ತರಿಸಿದೆ. ತೆವಳುವುದು ನಿಂತಿತು. ಆದರೆ ಈಡು ಎಂಟು ಸೆಂಟಿಮೀಟರ್ ಕೆಳಗೇ ಬೀಳುತ್ತಿತ್ತು, ಮೇಲಿನ ಗುಂಡಿ ತಿರುಗಿಸಿ ತಿರುಗಿಸಿ ಕೊನೆಗೆ ಬಂದಿತ್ತು. ಮುರಿಯುವ ನಳಿಗೆ ಮೂತಿ ತಗ್ಗಿಸಿರುತ್ತದೆ. ಅಮ್ಮನ ಹಳೆಯ ಎಕ್ಸ್‌ರೇ ಹಾಳೆ ಕತ್ತರಿಸಿ ಹಿಂದಿನ ಉಂಗುರದ ಕೆಳಗಿಟ್ಟೆ. ಒಂದು ಪದರಕ್ಕೆ ಸುಮಾರು ನಾಲ್ಕು ಸೆಂಟಿಮೀಟರ್ ಏರಿತು. ಎರಡು ಪದರ ಸಾಕಾಯಿತು, ಉಳಿದದ್ದನ್ನು ಗುಂಡಿಯಲ್ಲೇ ಸರಿಮಾಡಿದೆ. ಗುಂಡಿಯ ಒಂದು ಕ್ಲಿಕ್ಕು ಕೋನದ ಕಾಲು ಮಿನಿಟು, ಅದು 20 ಮೀಟರಿಗೆ ಒಂದೂವರೆ ಮಿಲಿಮೀಟರ್. ಎಡಗೈ ಎಲ್ಲಿಡುತ್ತೇನೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಬಿಗಿ ಹಿಡಿಯಬಾರದು ಎಂಬುದು ಎಲ್ಲರಿಗೂ ಗೊತ್ತು. ಆ ಎರಡು ಬೆರಳಿನ ಜಾಗ ಹುಡುಕಲು ನನಗೆ ಒಂದು ಬೇಸಿಗೆ ಹಿಡಿದಿದೆ.

ಇಷ್ಟಾದರೂ ಈಡುಗಳ ಗುಂಪಿನ ಅಗಲ ಮೂರು ನಾಲ್ಕು ಸೆಂಟಿಮೀಟರಿಗೆ ಇಳಿದು ನಿಂತುಬಿಟ್ಟಿತು. ಆಗ ಪೆಲೆಟ್ ಮೇಲೆ ಅನುಮಾನ ಬಂತು. ಚೂಪು ಮೂತಿಯವು ನೋಡಲು ಚೆಂದ, ಎಲ್ಲಕ್ಕಿಂತ ಕೆಟ್ಟದಾಗಿ ಚೆದುರಿದವು. ಚಪ್ಪಟೆ ತಲೆಯವು ಹತ್ತು ಮೀಟರಿಗೆ ಬಂಗಾರ, ಹಾಳೆಯಲ್ಲಿ ಉಳಿಯಲ್ಲಿ ಹೊಡೆದಂಥ ದುಂಡು ತೂತು. 20ಕ್ಕೆ ಹೋದರೆ ಹರಡುತ್ತವೆ. ಗುಂಡು ತಲೆಯವೇ ಗೆದ್ದವು. ತೀರ್ಥಹಳ್ಳಿಯಲ್ಲಿ ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿದೆ. ಒಂದೊಂದು ಅರ್ಧ ಗ್ರಾಂ. ಅವರ ಲೆಕ್ಕದಲ್ಲಿ ನಾಲ್ಕು ಗುಂಜಿಯ ಮೇಲೆ ಚೂರು. ಅಗ್ಗದ ಡಬ್ಬಿಯಲ್ಲಿ ಒಂದಕ್ಕೂ ಇನ್ನೊಂದಕ್ಕೂ ನಲವತ್ತು ಮಿಲಿಗ್ರಾಂ ಅಂತರ ಸಿಕ್ಕಿತು, ಜೆಕ್ ದೇಶದ ಜೆಎಸ್‌ಬಿಯಲ್ಲಿ ಹತ್ತರೊಳಗೆ. ಬೆಲೆ ಎರಡು ಮೂರು ಪಟ್ಟು, ಐನೂರರ ಡಬ್ಬಿಗೆ ಸಾವಿರದ ಇನ್ನೂರೋ ಮುನ್ನೂರೋ ಕೊಟ್ಟ ನೆನಪು. ನನ್ನ ನಳಿಗೆಗೆ ಒಗ್ಗಿದ್ದು 4.52 ಮಿಲಿಮೀಟರ್ ತಲೆಯ, ಎಂಟು ಗ್ರೇನಿಗೆ (ಅದೇ ಅರ್ಧ ಗ್ರಾಂ ಲೆಕ್ಕ) ಸ್ವಲ್ಪ ಕಡಿಮೆ ತೂಕದ್ದು. ಹೆಬ್ಬೆರಳಲ್ಲಿ ಒತ್ತುವಾಗ ತುಸು ಬಿಗಿಯಾಗಿ, ಒಂದೇ ಸಮನೆ ಕೂರುತ್ತದೆ. ಹತ್ತು ಗ್ರೇನಿನ ಭಾರದ್ದು ಸ್ಪ್ರಿಂಗಿಗೆ ಹೊರೆ. ಗುಂಪು ಬಂದರೂ ತೀರಾ ಕೆಳಗೆ ಬೀಳುತ್ತದೆ. ಪಾವಡೆ, ಎಂದರೆ ಪೆಲೆಟ್ಟಿನ ಹಿಂದಿನ ತೆಳು ಅಂಚು, ಜಜ್ಜಿದವನ್ನು ಬದಿಗಿಡುತ್ತೇನೆ, ಪಾರ್ಸೆಲ್ಲಿನಲ್ಲಿ ಕುಲುಕಾಡಿ ಡಬ್ಬಿಗೆ ಇಪ್ಪತ್ತು ಮೂವತ್ತು ಹಾಗೆ ಬರುತ್ತವೆ.

ನಡುವೆ ಪೆಲೆಟ್‌ಗೆ ಎಣ್ಣೆ ಸವರಿಯೂ ನೋಡಿದ್ದುಂಟು. ಎಣ್ಣೆ ಒಳಗೇ ಹೊತ್ತಿಕೊಂಡು ಪಟಾಕಿಯಂಥ ಸದ್ದು, ಮೂತಿಯಲ್ಲಿ ನೀಲಿ ಹೊಗೆ. ಎರಡು ಈಡು ಹಾಳೆಯ ಮೇಲಂಚಿಗೇ ಹೋದವು. ಆ ವಾಸನೆ ಬಂದರೆ ಸ್ಪ್ರಿಂಗಿನ ಆಯುಷ್ಯ ಕಡಿಮೆಯಾಯಿತೆಂದೇ ಲೆಕ್ಕ.

ನಮ್ಮ ಮಳೆಗಾಲ ಸ್ಕೋಪಿಗೆ ಒದೆತಕ್ಕಿಂತ ದೊಡ್ಡ ಶತ್ರು. ಆಷಾಢದಲ್ಲಿ ಗೋಡೆಗೆ ನೇತುಹಾಕಿದ್ದ ಹಳೆಯ 4x20ರ ಗಾಜಿನೊಳಗೆ ಜೇಡನ ಬಲೆಯಂತೆ ಬೂಷ್ಟು ಹಬ್ಬಿತು. ಈಗ ಜೂನ್ ಹತ್ತಿರ ಬಂತೆಂದರೆ ಸ್ಕೋಪನ್ನು ಮೌಂಟ್ ಸಮೇತ ಬಿಚ್ಚಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ನೀಲಿ ಹರಳು ಗುಲಾಬಿಗೆ ತಿರುಗಿದರೆ ಕೆಂಡದ ಶಾಖಕ್ಕೆ ಹಿಡಿದು ಮತ್ತೆ ನೀಲಿ ಮಾಡುತ್ತೇನೆ. ಮಳೆ ಬಿಟ್ಟ ಮೇಲೆ ಹತ್ತು ಹದಿನೈದು ಈಡಿನಲ್ಲಿ ಗುರಿ ಮರಳಿ ಕೂರುತ್ತದೆ.

ಭಾವ ಮೊನ್ನೆ ಫೋನ್ ಮಾಡಿ, ಅದೇ ಪೆಲೆಟ್ ತಮಗೂ ಎರಡು ಡಬ್ಬಿ ತರಿಸಲು ಹೇಳಿದರು. ಅವರ ಕೋವಿ ಬೇರೆ, ನಳಿಗೆ ಬೇರೆ. "ಎರಡು ಡಬ್ಬಿ ಒಂದೇ ಬೇಡ ಭಾವ, ನಾಲ್ಕು ಬಗೆಯದ್ದನ್ನು ತರಿಸುತ್ತೇನೆ. ಭಾನುವಾರ ಹಾಳೆ ತಂದು ಧರೆಯ ಹತ್ತಿರ ಬನ್ನಿ" ಎಂದೆ.