ವೈನ್ ಕೂಲರ್‌ನಲ್ಲಿ ಹತ್ತು ವಾರ ಮಲಗಿದ ನನ್ನ ಕಾರ್ನ್ ಸ್ನೇಕ್‌ಗಳು

ಈ ಬೇಸಿಗೆಯಲ್ಲಿ ನನ್ನ ದೊಡ್ಡ ಹೆಣ್ಣು ಕಾರ್ನ್ ಸ್ನೇಕ್ (ಮನೆಯಲ್ಲಿ ಸಾಕುವ, ವಿಷವಿಲ್ಲದ ಹಾವು) ಹದಿನೇಳು ಮೊಟ್ಟೆ ಇಟ್ಟಿತು, ಹದಿನೈದು ಮರಿಗಳು ಹೊರಬಂದವು. ಮರಿ ಮಾಡಿಸುವ ಮುನ್ನ ಇವನ್ನು ಚಳಿಗಾಲದಲ್ಲಿ ಕೆಲವು ವಾರ ತಣ್ಣಗಿಟ್ಟು ಮಲಗಿಸುವುದುಂಟು; ನಾನು ಅದಕ್ಕೆ ವೈನ್ ಕೂಲರ್, ಅಂದರೆ ವೈನ್ ತಂಪಾಗಿಡುವ ಪುಟ್ಟ ಫ್ರಿಜ್, ಬಳಸಿದೆ. "ವೈನ್ ಇಡುವ ಪೆಟ್ಟಿಗೆಯಲ್ಲಿ ಹಾವು ಉಸಿರುಗಟ್ಟಿ ಸಾಯುತ್ತದೆ, ಬೇಡ" ಎಂದು ತಡೆದಿದ್ದ ಗೆಳೆಯರೇ ಈಗ ಮರಿ ಕೇಳುತ್ತಿದ್ದಾರೆ. ನನಗೆ ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ.

ನಾನಿರುವುದು ಅಮೆರಿಕದ ಮಿಷಿಗನ್‌ನಲ್ಲಿ. ಹೊರಗೆ ಬೇಕಾದಷ್ಟು ಚಳಿ ಇರುವಾಗ ದುಡ್ಡು ಏಕೆ ಸುರಿಯಬೇಕು ಎಂದು ಮೊದಲ ವರ್ಷ ಗ್ಯಾರೇಜಿನಲ್ಲಿ ಮಲಗಿಸಿದೆ. ಜನವರಿಯ ಒಂದು ರಾತ್ರಿ ಅಲ್ಲಿ 4 ಡಿಗ್ರಿ ಸೆಲ್ಸಿಯಸ್, ಮುಂದಿನ ವಾರ ಬಿಸಿಲು ಬಿದ್ದು 17. ಗಂಡಿನ ಬಾಯಂಚಿನಲ್ಲಿ ನೊರೆ ಕಂಡಿತು, ಉಸಿರು ಸೀಟಿ ಹೊಡೆಯತೊಡಗಿತು. ವೈದ್ಯರು, ಚುಚ್ಚುಮದ್ದು ಎಲ್ಲ ಸೇರಿ ಮುನ್ನೂರು ಡಾಲರ್ ಹತ್ತಿರ ಹೋಯಿತು. ಹಾವು ಉಳಿಯಿತು.

ಎರಡನೆಯ ವರ್ಷ ನೆಲಮಾಳಿಗೆ. ಅಲ್ಲಿ ಏರಿಳಿತವಿರಲಿಲ್ಲ, ಆದರೆ 16ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಹಾವುಗಳು ಮಲಗದೆ, ತಿನ್ನಲೂ ಇಲ್ಲದೆ ಪೆಟ್ಟಿಗೆ ಸುತ್ತುತ್ತ ಸೊರಗಿದವು. 520 ಗ್ರಾಂ ಇದ್ದ ಹೆಣ್ಣು 455ಕ್ಕೆ ಬಂದಾಗ ಎಬ್ಬಿಸಿಬಿಟ್ಟೆ. ಅದೇ ವರ್ಷ ಒಂದು ಎಳೆಯ ಕಿಂಗ್ ಸ್ನೇಕ್ ಕಳೆದುಕೊಂಡೆ. ಇಲಿ ತಿಂದ ಆರೇ ದಿನಕ್ಕೆ ಅದನ್ನು ತಣ್ಣಗೆ ಇಟ್ಟಿದ್ದೆ. ಅರಗದ ಇಲಿ ಹೊಟ್ಟೆಯಲ್ಲೇ ಕೊಳೆಯಿತು. ತಪ್ಪು ನನ್ನದೇ. ಈಗ ಕೊನೆಯ ಊಟದ ನಂತರ ಎಂದಿನ ಬಿಸಿಯಲ್ಲೇ ಮೂರು ವಾರ ಬಿಡುತ್ತೇನೆ, ಒಂದು ದಿನವೂ ಕಡಿಮೆ ಮಾಡುವುದಿಲ್ಲ.

ವೈನ್ ಕೂಲರ್ ಸಿಕ್ಕಿದ್ದು ಹಳೆಯ ಸಾಮಾನಿನವರಲ್ಲಿ, ತೊಂಬತ್ತು ಡಾಲರಿಗೆ. ಅದರ ಮುಂಬದಿಯಲ್ಲಿ ಕಾಣುವ ಉಷ್ಣತೆಯ ಅಂಕಿಯನ್ನು ನಂಬಬೇಡಿ. ಅದು 12 ಎನ್ನುವಾಗ ಕೆಳಗಿನ ತಟ್ಟೆಯಲ್ಲಿ ನನ್ನ ಥರ್ಮಾಮೀಟರ್ 9 ತೋರಿಸುತ್ತಿತ್ತು. ಹೊರಗಿನಿಂದ ಬೇರೆ ಥರ್ಮೋಸ್ಟಾಟ್ ಜೋಡಿಸಿದೆ, ಮತ್ತೆ ಮೂವತ್ತೈದು ಡಾಲರ್. ಖಾಲಿ ಜಾಗದಲ್ಲೆಲ್ಲ ನೀರು ತುಂಬಿದ ಬಾಟಲಿಗಳನ್ನು ಒತ್ತೊತ್ತಾಗಿ ಇಟ್ಟ ಮೇಲೆ ಬಾಗಿಲು ತೆರೆದರೂ ಉಷ್ಣತೆ ಅಲುಗುವುದು ನಿಂತಿತು. ಎರಡು ವಾರದಲ್ಲಿ ಮೆಲ್ಲಗೆ 12–13ಕ್ಕೆ ಇಳಿಸಿ ಹತ್ತು ವಾರ ಕತ್ತಲಲ್ಲಿಟ್ಟೆ. ದಿನಕ್ಕೊಮ್ಮೆ ಒಂದು ನಿಮಿಷ ಬಾಗಿಲು ತೆರೆದು ಗಾಳಿಯಾಡಿಸುತ್ತಿದ್ದೆ. ಉಸಿರುಗಟ್ಟುವ ಮಾತು ಅಲ್ಲಿಗೆ ಮುಗಿಯಿತು. ಕುಡಿಯುವ ನೀರು ಸದಾ ಇರಲೇಬೇಕು, ಎರಡು ವಾರಕ್ಕೊಮ್ಮೆ ತೂಕ ನೋಡಲೇಬೇಕು. ಹೆಣ್ಣು ಇಳಿದದ್ದು ಹದಿನೈದು ಗ್ರಾಂ ಅಷ್ಟೆ.

ಒಂದು ಗಂಡನ್ನು ಬೇಕೆಂದೇ ಚಳಿಗಾಲವಿಡೀ ಬೆಚ್ಚಗಿಟ್ಟಿದ್ದೆ. ಅದೂ ಕೂಡಿತು; ಆದರೆ ಅದರ ಜೋಡಿ ಇಟ್ಟ ಹದಿನಾಲ್ಕರಲ್ಲಿ ಐದೇ ಮೊಟ್ಟೆ ಫಲಿಸಿದವು. ಒಂದು ಹಾವಿನಿಂದ ತೀರ್ಮಾನಕ್ಕೆ ಬರಲಾರೆ. ಬಾಲ್ ಪೈಥಾನ್ ಮೇಲೆ ಮಾತ್ರ ಇಂಥ ಪ್ರಯೋಗ ಬೇಡ. ಅದು ಆಫ್ರಿಕದ ಬಿಸಿನಾಡಿನ ಹಾವು, ಈ ತಂಪಿಗೆ ಕಾಯಿಲೆ ಬೀಳುತ್ತದೆ.

ಎಬ್ಬಿಸುವಾಗ ಇಳಿಸಿದಷ್ಟೇ ನಿಧಾನ. ಮೊದಲ ಪೊರೆ ಬಿಟ್ಟ ಮೇಲೆ ಜೋಡಿ ಸೇರಿಸಿದೆ. ಮೊದಲ ಊಟ ಎಷ್ಟನೆಯ ದಿನ, ಗಂಡನ್ನು ಯಾವ ಹೊತ್ತಿನಲ್ಲಿ ಬಿಟ್ಟೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ಮೂರು ಚಳಿಗಾಲ ತೆತ್ತು ಕಲಿತದ್ದು.

ಈ ಸಲ ಗಂಡುಗಳನ್ನು ಅದಲುಬದಲು ಮಾಡುತ್ತೇನೆ: ಬೆಚ್ಚಗಿದ್ದದ್ದು ಕೂಲರಿಗೆ, ಕೂಲರಿನದು ಬೆಚ್ಚಗೆ. ಕೊನೆಯ ಇಲಿ ಕೊಟ್ಟು ಇವತ್ತಿಗೆ ಒಂಬತ್ತು ದಿನ.